ಪ್ಲಗ್ ಕಪ್ಪಗಿದೆ, ಮೇನ್ ಜೆಟ್ ಚಿಕ್ಕದು ಹಾಕಿಸಬೇಕಾ? (ಹಳೆಯ 100 ಸಿಸಿ, ಗಂಗಾವತಿ)

ಗಂಗಾವತಿ ಸವಾರ:

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ 100 ಸಿಸಿ ಫೋರ್ ಸ್ಟ್ರೋಕ್ ಬೈಕ್, ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸೋ ಭಾಗ) ಇರೋ ಗಾಡಿ. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸುತ್ತಿದ್ದೇನೆ. ದಿನಾ ಗಂಗಾವತಿಯಿಂದ ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿಗೆ ಹೋಗಿ ಬರುತ್ತೇನೆ.

ಭತ್ತದ ಕೊಯ್ಲು ಶುರುವಾದಾಗಿನಿಂದ ಮೈಲೇಜ್ ಬಿದ್ದುಹೋಗಿದೆ. ಎಲ್ಲಾದರೂ ಎಂಜಿನ್ ಆನ್ ಇಟ್ಟು ನಿಂತರೆ ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ ಬರುತ್ತೆ, ಕಣ್ಣು ಉರಿಯುತ್ತೆ. ನಿಧಾನಕ್ಕೆ ಹೋಗುವಾಗ ಎಂಜಿನ್ ತಡೆದು ತಡೆದು ಓಡೋ ಮಿಸ್ಸಿಂಗ್ ಬೇರೆ. ಮೊನ್ನೆ ಮನೆ ಮುಂದೆ ಕಿಡಿ ಹೊಡೆಯೋ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ, ಪೂರ್ತಿ ಕಪ್ಪು. ಒಣ ಮಸಿ, ಬೆರಳಿಗೆ ಹತ್ತುತ್ತೆ, ಆದರೆ ಎಣ್ಣೆ ಜಿಡ್ಡು ಏನಿಲ್ಲ.

ಇಲ್ಲಿನ ಒಬ್ಬ ಮೆಕ್ಯಾನಿಕ್ ಅದನ್ನು ಉಪ್ಪುಕಾಗದದಲ್ಲಿ ತಿಕ್ಕಿ ಹಾಕಿದರು. "ಪೆಟ್ರೋಲ್ ಜಾಸ್ತಿ ಹೊಡೀತಿದೆ, ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಹಿತ್ತಾಳೆ ಬಿಡಿಭಾಗ) ಒಂದು ನಂಬರ್ ಚಿಕ್ಕದು ಹಾಕೋಣ" ಅಂದರು. ಇನ್ನೊಬ್ಬರು "ಜೆಟ್ ಮುಟ್ಟಬೇಡ, ಹಾಟ್ ಪ್ಲಗ್ ಹಾಕು, ಮಸಿ ತಾನೇ ಸುಟ್ಟುಹೋಗುತ್ತೆ" ಅಂತಾರೆ.

ನನಗೆ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಈಚೆಗೆ ಸಿಂಧನೂರು ಮೇಲೆ ರಾಯಚೂರಿಗೆ ಒಂದೇ ಸಮನೆ ಓಡಿಸಿಕೊಂಡು ಹೋಗಿದ್ದೆ. ಅಲ್ಲಿ ಮುಟ್ಟಿದ ಮೇಲೆ ಕುತೂಹಲಕ್ಕೆ ಪ್ಲಗ್ ತೆಗೆದು ನೋಡಿದರೆ ಒಳಗಿನ ಪಿಂಗಾಣಿ ಬಹುತೇಕ ಬೆಳ್ಳಗಿದೆ! ಅದೇ ಬೈಕ್, ಅದೇ ಪ್ಲಗ್, ಅದೇ ಬಂಕಿನ ಪೆಟ್ರೋಲ್. ಕಪ್ಪಗಿದ್ದರೆ ರಿಚ್ (ಪೆಟ್ರೋಲ್ ಜಾಸ್ತಿ), ಬೆಳ್ಳಗಿದ್ದರೆ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ನನ್ನ ಗಾಡಿ ರಿಚ್ಚಾ, ಲೀನಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.


ಸಂಡೂರು ಗ್ಯಾರೇಜ್:

ತಮ್ಮಾ, ಜೆಟ್ ಸದ್ಯಕ್ಕೆ ಮುಟ್ಟಿಸಬೇಡ. ನಿನ್ನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ.

ಪ್ಲಗ್ ಇಡೀ ದಿನದ ಲೆಕ್ಕ ಕೊಡೋದಿಲ್ಲ. ಎಂಜಿನ್ ನಿಲ್ಲುವ ಮುಂಚೆ ಕೊನೆಗೆ ಅದು ಹೇಗೆ ಓಡಿತೋ ಅದನ್ನೇ ಜಾಸ್ತಿ ತೋರಿಸುತ್ತೆ. ನೀನು ಊರೊಳಗೆ ಬಂದು, ಸಂದಿಯಲ್ಲಿ ಸೆಕೆಂಡ್ ಗೇರಲ್ಲಿ ತಿರುಗಿ, ಮನೆ ಮುಂದೆ ಸ್ವಲ್ಪ ಹೊತ್ತು ಐಡಲ್‌ನಲ್ಲಿ (ಎಕ್ಸಲೇಟರ್ ಕೊಡದೆ) ಬಿಟ್ಟು ಆಫ್ ಮಾಡಿರುತ್ತೀಯ. ಆಗ ಬಿಚ್ಚಿದರೆ ಕಾಣೋದು ಐಡಲ್‌ನ ಮಸಿ. ಪಿಂಗಾಣಿಯ ತುದಿ ಸುಮಾರು 450-500 ಡಿಗ್ರಿ ಮುಟ್ಟಿದರೆ ಮಾತ್ರ ಮೇಲೆ ಕೂತ ಮಸಿ ಸುಟ್ಟುಹೋಗುತ್ತೆ. ಐಡಲ್‌ನಲ್ಲಿ, ಸಣ್ಣ ಓಡಾಟದಲ್ಲಿ ಅಷ್ಟು ಬಿಸಿ ಬರೋದಿಲ್ಲ. ರಾಯಚೂರು ತನಕ ಎಳೆದಾಗ ಬಂತು, ಸುಟ್ಟು ಬೆಳ್ಳಗಾಯಿತು. ಎರಡೂ ನಿಜವೇ, ಎರಡು ಬೇರೆ ಬೇರೆ ಸುದ್ದಿ ಅಷ್ಟೇ.

ಈಗ ಕಾರ್ಬೊರೇಟರ್ ಕಡೆ ಬಾ. ಅದರಲ್ಲಿ ಪೆಟ್ರೋಲ್ ಒಂದೇ ದಾರಿಯಲ್ಲಿ ಬರೋದಿಲ್ಲ. ಐಡಲ್‌ನಿಂದ ಎಕ್ಸಲೇಟರ್ ಕಾಲು ಭಾಗದ ತನಕ ಪೈಲಟ್ ಜೆಟ್ ಅನ್ನೋ ಸಣ್ಣ ಜೆಟ್, ಅದರ ಸ್ಕ್ರೂ, ಸ್ಲೈಡಿನ (ಎಕ್ಸಲೇಟರ್ ತಿರುಗಿಸಿದರೆ ಮೇಲೇಳೋ ಬಾಗಿಲು) ಕೆಳಗಿನ ಕಟ್ ಇವೆಲ್ಲ ಸೇರಿ ನಡೆಸುತ್ತವೆ. ಕಾಲಿನಿಂದ ಮುಕ್ಕಾಲು ತನಕ ಸ್ಲೈಡಲ್ಲಿ ತೂಗುವ ಸೂಜಿ. ಮೇನ್ ಜೆಟ್ಟಿನ ಕೆಲಸ ನಿಜವಾಗಿ ಗೊತ್ತಾಗೋದು ಮುಕ್ಕಾಲಿನಿಂದ ಫುಲ್ ತಿರುಗಿಸಿದಾಗ. ನಿನ್ನ ವಾಸನೆ, ಮಿಸ್ಸಿಂಗ್ ಎಲ್ಲ ಕೆಳಗಿನ ಭಾಗದ್ದು. ಮೇನ್ ಜೆಟ್ ಚಿಕ್ಕದು ಮಾಡಿದರೆ ಊರೊಳಗಿನ ಮಸಿ ಹಾಗೇ ಇರುತ್ತೆ. ಮೇಲಿಂದ ಸಿಂಧನೂರು ರೋಡಲ್ಲಿ ಫುಲ್ ಕೊಟ್ಟಾಗ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತೆ. ಬೇಸಿಗೆಯಲ್ಲಿ ನಮ್ಮ ಕಡೆ ರೋಡ್ ಹೇಗಿರುತ್ತೆ ಅಂತ ಹೇಳಬೇಕಿಲ್ಲ, ಆ ಬಿಸಿಲಲ್ಲಿ ಲೀನ್ ಎಂಜಿನ್ ಓಡಿಸೋದು ಪಿಸ್ಟನ್‌ಗೆ ಒಳ್ಳೇದಲ್ಲ.

ಹಾಟ್ ಪ್ಲಗ್ ಕಥೆಯೂ ಅಷ್ಟೇ. ಪ್ಲಗ್ಗಿನ ಹಾಟ್, ಕೋಲ್ಡ್ ಅಂದರೆ ಅದು ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಎಂಜಿನ್ ಹೆಡ್ಡಿಗೆ (ಸಿಲಿಂಡರಿನ ಮೇಲಿನ ಮುಚ್ಚಳ) ದಾಟಿಸುತ್ತೆ ಅನ್ನೋದು. ಒಳಗಿನ ಪಿಂಗಾಣಿ ಮೂಗು ಉದ್ದ ಇದ್ದರೆ ಹಾಟ್, ಗಿಡ್ಡ ಇದ್ದರೆ ಕೋಲ್ಡ್. ಅದರಿಂದ ಪೆಟ್ರೋಲ್-ಗಾಳಿಯ ಮಿಕ್ಸ್ಚರ್ ಒಂದು ಹನಿಯೂ ಬದಲಾಗೋದಿಲ್ಲ. ಮಸಿ ಸುಟ್ಟು ಪ್ಲಗ್ ಚೆನ್ನಾಗಿ ಕಾಣುತ್ತೆ, ಪೆಟ್ರೋಲ್ ಮಾತ್ರ ಹಾಗೇ ಹೋಗ್ತಾ ಇರುತ್ತೆ. ತುದಿ 900 ಡಿಗ್ರಿ ಹತ್ತಿರ ಹೋದರೆ ಕಿಡಿ ಬರೋ ಮುಂಚೆಯೇ ಮಿಕ್ಸ್ಚರ್ ಹೊತ್ತಿಕೊಳ್ಳುತ್ತೆ, ಅದು ಎಂಜಿನ್ ಕೊಲ್ಲೋ ಕೆಲಸ. ಇನ್ನೊಂದು ಮಾತು, ಬೇರೆ ಕಂಪನಿ ಪ್ಲಗ್ ಹಾಕುವಾಗ ನಂಬರ್ ನೋಡಿ ಮೋಸ ಹೋಗಬೇಡ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡ್, ಬಾಷ್‌ನಲ್ಲಿ ದೊಡ್ಡದಾದಷ್ಟೂ ಹಾಟ್. ಗಾಡಿಯ ಪುಸ್ತಕದಲ್ಲಿ ಬರೆದ ನಂಬರೇ ಹಾಕು.

ಉಪ್ಪುಕಾಗದದಲ್ಲಿ ತಿಕ್ಕೋದನ್ನು ದಯವಿಟ್ಟು ನಿಲ್ಲಿಸು. ಆ ಹರಳು ಪಿಂಗಾಣಿಗೂ ಕಬ್ಬಿಣದ ಮೈಗೂ ನಡುವಿನ ಸಂದಿಯಲ್ಲಿ ಕೂತುಬಿಡುತ್ತೆ, ಆಮೇಲೆ ಸಿಲಿಂಡರ್ ಒಳಗೆ ಉದುರುತ್ತೆ. ಪಿಂಗಾಣಿಯ ನುಣುಪು ಹೋದರೆ ಮಸಿ ಇನ್ನೂ ಬೇಗ ಹಿಡಿಯುತ್ತೆ. ಮಿಕ್ಸ್ಚರ್ ಓದಬೇಕು ಅಂದರೆ ಹೊಸ ಪ್ಲಗ್ ಒಂದನ್ನು ತಗೋ, ಹಳೇ ಬಣ್ಣದ ಮೇಲೆ ಹೊಸ ಬಣ್ಣ ಗೊತ್ತಾಗೋದಿಲ್ಲ.

ಮೊದಲು ನೋಡಬೇಕಾದ್ದು ಏರ್ ಫಿಲ್ಟರ್. ಕೊಯ್ಲು ಶುರುವಾದ ಮೇಲೆ, ರೈಸ್ ಮಿಲ್ಲಿನ ದಾರಿ ಅಂತ ನೀನೇ ಬರೆದಿದ್ದೀಯ. ನಮ್ಮ ಕಡೆ ಅದಿರಿನ ಕೆಂಪು ಧೂಳು, ನಿಮ್ಮ ಕಡೆ ಭತ್ತದ ಹೊಟ್ಟು, ತೌಡು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ, ಪೆಟ್ರೋಲ್ ಮಾತ್ರ ಅಷ್ಟೇ. ಆಮೇಲೆ ಚೋಕ್ (ತಣ್ಣಗಿನ ಎಂಜಿನ್ ಶುರು ಮಾಡೋಕೆ ಗಾಳಿ ತಡೆಯೋ ತಗಡು) ಪೂರ್ತಿ ವಾಪಸ್ ಬರುತ್ತಾ ನೋಡು, ಲಿವರ್ ಕೆಳಗೆ ಬಂದರೂ ಒಳಗಿನ ತಗಡು ಅರ್ಧಕ್ಕೇ ನಿಂತಿರುತ್ತೆ ಎಷ್ಟೋ ಸಲ. ಆಮೇಲೆ ಫ್ಲೋಟ್ ಸೂಜಿ, ಅಂದರೆ ಕಾರ್ಬೊರೇಟರ್ ಬೌಲಿಗೆ ಬರೋ ಪೆಟ್ರೋಲ್ ನಿಲ್ಲಿಸೋ ಸೂಜಿ. ಅದರ ತುದಿಯಲ್ಲಿ ಗೆರೆ ಬಿದ್ದಿದ್ದರೆ ಬೌಲಿನಲ್ಲಿ ಪೆಟ್ರೋಲ್ ಮಟ್ಟ ಏರಿ ಎಲ್ಲ ಕಡೆ ರಿಚ್ ಆಗುತ್ತೆ. ಕಿಡಿ ವೀಕ್ ಇದ್ದರೂ ಮಸಿ ಬರುತ್ತೆ, ಕಾಯಿಲ್ ವೈರ್, ಕ್ಯಾಪ್ ಒಮ್ಮೆ ನೋಡು. ಇಷ್ಟು ಆದಮೇಲೆ ಪ್ಲಗ್ ಓದೋಣ, ಹೇಗೆ ಅಂತ ಕೆಳಗೆ ಬರೆಯುತ್ತೇನೆ.


ಸಂಡೂರು ಗ್ಯಾರೇಜ್:

ಮುಂದುವರಿಸುತ್ತೇನೆ. ಪ್ಲಗ್ ನೋಡಿ ಮೇನ್ ಜೆಟ್ ಸರಿ ಇದೆಯಾ ಅಂತ ತಿಳಿಯೋಕೆ ಇರೋದು ಒಂದೇ ದಾರಿ, ಫುಲ್ ಎಕ್ಸಲೇಟರ್‌ನಲ್ಲೇ ಎಂಜಿನ್ ಕಡಿದು ನಿಲ್ಲಿಸಿ ಪ್ಲಗ್ ತೆಗೆಯೋದು.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಜನ ಇಲ್ಲದ ನೇರ ರೋಡು, ಬೆಳಗಿನ ಹೊತ್ತು, ಹೆಲ್ಮೆಟ್, ಹಿಂದೆ ಯಾರೂ ಬರ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೊಸ ಪ್ಲಗ್ ಹಾಕಿ ಹೊರಡು. ಫುಲ್ ಕೊಟ್ಟು ಒಂದಷ್ಟು ದೂರ ಎಳೆದ ಮೇಲೆ ಎಕ್ಸಲೇಟರ್ ಬಿಡದೆ ಕ್ಲಚ್ ಹಿಡಿ, ಅದೇ ಕ್ಷಣ ಸ್ವಿಚ್ ಆಫ್ ಮಾಡು. ಬೀಗ ಹ್ಯಾಂಡಲ್ ಲಾಕ್ ಕಡೆ ತಿರುಗಬಾರದು, ಅದನ್ನು ನಿಂತಲ್ಲೇ ಮೊದಲು ಅಭ್ಯಾಸ ಮಾಡಿಕೋ. ಹಾಗೇ ಉರುಳಿಕೊಂಡು ಪಕ್ಕಕ್ಕೆ ನಿಲ್ಲು. ಐಡಲ್‌ನಲ್ಲಿ ಒಂದು ಸಲವೂ ಓಡಬಾರದು, ಓಡಿದರೆ ಮತ್ತೆ ಮೊದಲಿನಿಂದ.

ನಿಂತ ತಕ್ಷಣ ಪ್ಲಗ್ ತಿರುಗಿಸಬೇಡ. ಹೆಡ್ ಅಲ್ಯುಮಿನಿಯಂ, ಕೆಂಡ ಇದ್ದಾಗ ಬಿಚ್ಚಿದರೆ ಥ್ರೆಡ್ ಕಿತ್ತು ಬರುತ್ತೆ. ಎಂಜಿನ್ ನಿಂತ ಮೇಲೆ ಬಣ್ಣ ಬದಲಾಗೋದಿಲ್ಲ, ಹಾಗಾಗಿ ಸಮಾಧಾನವಾಗಿ ಕೂತುಕೋ. ಬಿಚ್ಚುವ ಮುಂಚೆ ಪ್ಲಗ್ ಸುತ್ತಲಿನ ಗುಂಡಿಯಲ್ಲಿ ಕೂತ ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆ. ನಮ್ಮಲ್ಲಿ ಇದನ್ನು ಮರೆತು ಬಿಚ್ಚಿದವರ ಸಿಲಿಂಡರ್ ಬೋರ್‌ನ ಒಳಗೋಡೆಯಲ್ಲಿ ಅದಿರಿನ ಪುಡಿ ಉದ್ದುದ್ದ ಗೀಟು ಹಾಕಿದ್ದನ್ನು ನೋಡಿದ್ದೇನೆ.

ಈಗ ನೋಡೋದು ಎಲ್ಲಿ? ಎಲ್ಲರೂ ತುದಿ ನೋಡುತ್ತಾರೆ. ತುದಿ ಹೇಳೋದು ಬಿಸಿಯ ಸುದ್ದಿ. ಮಿಕ್ಸ್ಚರ್ ಸುದ್ದಿ ಇರೋದು ಒಳಗೆ, ಪಿಂಗಾಣಿ ಕಬ್ಬಿಣದ ಮೈಯೊಳಗೆ ಇಳಿದು ಮರೆಯಾಗುತ್ತಲ್ಲ, ಆ ಬುಡದಲ್ಲಿ. ಟಾರ್ಚ್ ಬಿಟ್ಟು ಭೂತಗನ್ನಡಿ ಹಿಡಿದು ಆಳಕ್ಕೆ ನೋಡು. ಫುಲ್ ಎಳೆದ ಮೇಲೆ ಅಲ್ಲಿ ತೆಳುವಾದ ಮಸಿಯ ಉಂಗುರ ಇರಬೇಕು. ಉಂಗುರವೇ ಇಲ್ಲ, ಬುಡದ ತನಕ ಬೆಳ್ಳಗೆ ಇದೆ ಅಂದರೆ ಲೀನ್. ಉಂಗುರ ದಪ್ಪವಾಗಿ ಮೇಲಕ್ಕೆ ಹತ್ತಿದೆ ಅಂದರೆ ರಿಚ್. ರೇಸಿನವರು ಇದನ್ನು ನೋಡೋಕೆ ಪ್ಲಗ್ಗಿನ ಮೈಯನ್ನೇ ಗರಗಸದಲ್ಲಿ ಕೊಯ್ಯುತ್ತಾರೆ, ನಮಗೆ ಅಷ್ಟು ಬೇಡ.

ಮೇಲೆ ಬಾಗಿರುವ ಕೊಕ್ಕೆಯಂಥ ಪಟ್ಟಿಯನ್ನೂ ನೋಡು. ಹೊಸ ಪ್ಲಗ್ಗಿನಲ್ಲಿ ಅದು ಹೊಳೆಯುತ್ತೆ. ಓಡಿದ ಮೇಲೆ ತುದಿಯಿಂದ ಸ್ವಲ್ಪ ದೂರಕ್ಕೆ ಹೊಳಪು ಹೋಗಿ, ಒಂದು ಕಡೆ ಬಣ್ಣ ಬದಲಾಗೋ ಗೆರೆ ಕಾಣುತ್ತೆ. ಗೆರೆ ಬಾಗಿನ ಹತ್ತಿರ ಇದ್ದರೆ ಬಿಸಿ ಸರಿಯಾಗಿದೆ. ತುದಿಯಲ್ಲೇ ನಿಂತಿದ್ದರೆ ತಣ್ಣಗಿದೆ. ಬೆಸುಗೆ ಹಾಕಿದ ಬುಡದ ತನಕ ಇಳಿದಿದ್ದರೆ ಜಾಸ್ತಿ ಕಾಯ್ತಾ ಇದೆ. ಪಿಂಗಾಣಿ ಮೇಲೆ ಸಣ್ಣ ಸಣ್ಣ ಕರಿ ಚುಕ್ಕಿ ಅಥವಾ ಬೆಳ್ಳಿಯಂತೆ ಹೊಳೆಯೋ ಕಣ ಕಂಡರೆ ಗಾಡಿ ಮತ್ತೆ ಓಡಿಸಬೇಡ. ಆ ಹೊಳೆಯೋದು ಪಿಸ್ಟನ್ನಿನ ಅಲ್ಯುಮಿನಿಯಂ.

ವಾಪಸ್ ಹಾಕುವಾಗ ಮೊದಲು ಬರೀ ಕೈಯಲ್ಲಿ ತಿರುಗಿಸು, ಕೂತ ಮೇಲೆ ಪಾನಾದಲ್ಲಿ ಹೊಸ ವಾಷರ್ ಇದ್ದರೆ ಸುಮಾರು ಅರ್ಧ ಸುತ್ತು. ಹಳೇ ವಾಷರ್ ಆದರೆ ಅದಕ್ಕಿಂತ ತುಂಬಾ ಕಡಿಮೆ.


ಕೌಲ್ ಬಜಾರ್ ಟ್ಯೂನಿಂಗ್:

ಅಣ್ಣ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಬಣ್ಣದ ಬಗ್ಗೆ ಒಂದೆರಡು ಮಾತು ಸೇರಿಸಬೇಕು, ಯಾಕಂದರೆ ಬಳ್ಳಾರಿಯಲ್ಲಿ ಇದರಿಂದಲೇ ಎಷ್ಟೋ ಒಳ್ಳೆ ಗಾಡಿಗಳನ್ನು ಸುಮ್ನೆ ರಿಚ್ ಮಾಡಿ ಹಾಳು ಮಾಡೋದು ನೋಡುತ್ತಿದ್ದೇನೆ.

"ಪ್ಲಗ್ ಬಿಸ್ಕತ್ತಿನ ಬಣ್ಣಕ್ಕೆ ಬರಬೇಕು" ಅನ್ನೋ ಮಾತು ಸೀಸ ಹಾಕಿದ ಪೆಟ್ರೋಲ್ ಕಾಲದ್ದು. ಆ ಕಂದು ಬಣ್ಣದಲ್ಲಿ ಸೀಸದ ಪಾಲೂ ಇತ್ತು. ನಮ್ಮ ದೇಶದಲ್ಲಿ 2000ನೇ ಇಸವಿ ಫೆಬ್ರವರಿ 1ರಿಂದ ಎಲ್ಲ ಕಡೆ ಸೀಸ ಇಲ್ಲದ ಪೆಟ್ರೋಲ್ ಬಂತು. ಈಗಿನ ಪೆಟ್ರೋಲ್‌ನಲ್ಲಿ ಸರಿಯಾಗಿ ಓಡೋ ಎಂಜಿನ್ನಿನ ಪ್ಲಗ್ ತುದಿ ತೆಳು ಬೂದಿ, ದಂತದ ಬಿಳಿ ಹೀಗೆ ಇರುತ್ತೆ. ಹಾಗಾಗಿ ರಾಯಚೂರಿನಲ್ಲಿ ಬೆಳ್ಳಗೆ ಕಂಡಿದ್ದು ಅಂದರೆ ಲೀನ್ ಅಂತ ಹೆದರಬೇಡಿ. ಹೆದರಬೇಕಾದ ಬಿಳಿ ಬೇರೆ ಥರ ಇರುತ್ತೆ. ಸುಣ್ಣ ಬಳಿದಂತೆ ಮಂಕಾಗಿ, ಮೇಲ್ಮೈ ಗುಳ್ಳೆ ಎದ್ದು ಒರಟಾಗಿ, ಪಟ್ಟಿಯ ಮೂಲೆಗಳು ಸವೆದು ದುಂಡಗಾಗಿರುತ್ತವೆ. ನಿಮ್ಮದು ಹಾಗಿತ್ತಾ? ಇಲ್ಲ ಅನಿಸುತ್ತೆ, ಇದ್ದಿದ್ದರೆ ನೀವೇ ಬರೆಯುತ್ತಿದ್ದಿರಿ.

ಎರಡನೇದು ಎಥೆನಾಲ್. ಬರೀ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲ್‌ಗೆ 9 ಪಾಲು ಸಾಕು, ಅದರೊಳಗೇ ಆಮ್ಲಜನಕ ಇದೆ. ಶೇ 10 ಬೆರೆಸಿದ್ದಕ್ಕೆ ಸುಮಾರು 14.1, ಈಗ ಬರುತ್ತಿರೋ ಶೇ 20ಕ್ಕೆ ಸುಮಾರು 13.5. ಕಾರ್ಬೊರೇಟರ್‌ಗೆ ಇದೇನೂ ಗೊತ್ತಾಗೋದಿಲ್ಲ. ತೂತು ಅಷ್ಟೇ, ಹೋಗೋ ಪೆಟ್ರೋಲ್ ಅಷ್ಟೇ. ಅಂದರೆ ಹಳೇ ಜೆಟ್ಟಿನಲ್ಲೇ ಎಲ್ಲ ಹಳೆಯ ಗಾಡಿಗಳೂ ಈಗ ಮೊದಲಿಗಿಂತ ಸ್ವಲ್ಪ ಲೀನ್ ಕಡೆಗೇ ವಾಲಿವೆ. ಇಂಥ ಹೊತ್ತಲ್ಲಿ ಮೇನ್ ಜೆಟ್ ಇನ್ನೂ ಚಿಕ್ಕದು ಮಾಡೋದು ಅಂದರೆ ಏನರ್ಥ, ನೀವೇ ಯೋಚನೆ ಮಾಡಿ. ಇಷ್ಟೆಲ್ಲ ಲೀನ್ ಕಡೆ ವಾಲಿದ ಮೇಲೂ ನಿಮ್ಮ ಪ್ಲಗ್ ಮಸಿ ಹಿಡಿಯುತ್ತಿದೆ ಅಂದರೆ ಗಾಳಿ ಎಲ್ಲೋ ಕಟ್ಟಿದೆ ಅಥವಾ ಪೆಟ್ರೋಲ್ ಎಲ್ಲೋ ಸೋರಿ ಒಳಗೆ ಹೋಗ್ತಿದೆ. ಜೆಟ್ ತಾನಾಗಿ ದೊಡ್ಡದಾಗೋದಿಲ್ಲ, ಯಾರಾದರೂ ತಂತಿ ಹಾಕಿ ಚುಚ್ಚಿದ್ದರೆ ಬೇರೆ ಮಾತು. ಅದನ್ನೂ ವಿಚಾರಿಸಿ, ಹಿತ್ತಾಳೆ ಮೆತ್ತಗಿನ ಲೋಹ, ತಂತಿಗೆ ಸವೆಯುತ್ತೆ.

ಬಿಸಿಲಿನ ಲೆಕ್ಕ ಉಲ್ಟಾ. ಗಾಳಿ 20 ಡಿಗ್ರಿಯಿಂದ 42ಕ್ಕೆ ಹೋದರೆ ಅದರ ಸಾಂದ್ರತೆ ಸುಮಾರು ಶೇ 7 ಇಳಿಯುತ್ತೆ, ಆಗ ಕಾರ್ಬೊರೇಟರ್ ಗಾಡಿ ಸ್ವಲ್ಪ ರಿಚ್ ಆಗುತ್ತೆ. ಹಾಗಾಗಿ ಡಿಸೆಂಬರಿನ ಬೆಳಗ್ಗೆ ಓದಿದ ಪ್ಲಗ್ಗನ್ನು ಮೇ ತಿಂಗಳ ಮಧ್ಯಾಹ್ನ ಓದಿದ್ದರ ಜೊತೆ ಹೋಲಿಸಬೇಡಿ. ಜೆಟ್ ಹಾಕಿಸೋದಾದರೆ ತಣ್ಣಗಿನ ಹೊತ್ತಿಗೆ ಸರಿ ಇರೋ ಜೆಟ್ ಹಾಕಿ, ಆಗ ಬೇಸಿಗೆಯಲ್ಲಿ ಅದು ರಿಚ್ ಕಡೆ ಇರುತ್ತೆ, ಎಂಜಿನ್ ಉಳಿಯುತ್ತೆ.

ದುಡ್ಡು ಖರ್ಚು ಮಾಡೋಕೆ ತಯಾರಿದ್ದರೆ ಸೈಲೆನ್ಸರ್ ಬೆಂಡಿಗೆ ನಟ್ ವೆಲ್ಡ್ ಮಾಡಿಸಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕೋದು ಒಳ್ಳೇದು. ಓಡುವಾಗಲೇ ಮಿಕ್ಸ್ಚರ್ ಎಷ್ಟಿದೆ ಅಂತ ಅಂಕಿಯಲ್ಲಿ ಕಾಣುತ್ತೆ. ನನ್ನ ಪ್ರಕಾರ ಪ್ಲಗ್ ಓದೋದು ಅದಕ್ಕೆ ಸಮ ಅಲ್ಲ.


ಸಂಡೂರು ಗ್ಯಾರೇಜ್:

ಸೆನ್ಸರ್ ಒಳ್ಳೇದೇ, ಬೇಡ ಅನ್ನೋದಿಲ್ಲ. ಆದರೆ ಸೆನ್ಸರ್ ಮಿಕ್ಸ್ಚರ್ ಹೇಳುತ್ತೆ, ಎಂಜಿನ್ ಒಳಗೆ ಎಷ್ಟು ಕಾಯ್ತಿದೆ, ಬಡಿತ (ಮಿಕ್ಸ್ಚರ್ ಒಳಗೇ ಸಿಡಿದು ಟಕಟಕ ಅನ್ನೋದು) ಆಗ್ತಿದೆಯಾ ಅನ್ನೋದನ್ನು ಹೇಳೋದಿಲ್ಲ. ಮಿಸ್ಸಿಂಗ್ ಇದ್ದರೆ ಅದು ತಪ್ಪು ಅಂಕಿ ತೋರಿಸುತ್ತೆ, ಉರಿಯದೆ ಹೊರಬಂದ ಗಾಳಿಯ ಆಮ್ಲಜನಕವನ್ನು ನೋಡಿ ಲೀನ್ ಅಂತ ಹೇಳಿಬಿಡುತ್ತೆ. ಈ ಹುಡುಗನ ಗಾಡಿಯಲ್ಲಿ ಮಿಸ್ಸಿಂಗ್ ಇದೆ. ಸೆನ್ಸರ್ ನಂಬಿ ಇನ್ನೂ ರಿಚ್ ಮಾಡಿದರೆ ಗತಿ ಏನು? 100 ಸಿಸಿ ಗಾಡಿಗೆ ಹೊಸ ಪ್ಲಗ್, ಟಾರ್ಚ್, ಭೂತಗನ್ನಡಿ ಸಾಕು.

ಮತ್ತೆ ಬೇಸಿಗೆಗೆ ರಿಚ್ ಕಡೆ ಇಡಬೇಕು ಅಂದಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಚಳಿಗಾಲದಲ್ಲಿ ಸರಿ ಮಾಡಿಟ್ಟ ಗಾಡಿ ನಮ್ಮ ಬೇಸಿಗೆಯನ್ನು ತಡೆಯುತ್ತೆ.


ರಾಯಚೂರು ಆರ್‌ಎಕ್ಸ್:

ಈ ಚರ್ಚೆ ಓದಿ ಟೂ ಸ್ಟ್ರೋಕ್ ಇಟ್ಟುಕೊಂಡವರು ಹೀಗೇ ಲೆಕ್ಕ ಹಾಕಿದರೆ ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಯಮಹಾ ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕ್ ಇದೆ. ಅದರಲ್ಲಿ ಪಂಪಿನಿಂದ ಟೂ-ಟಿ ಆಯಿಲ್ ಪೆಟ್ರೋಲ್ ಜೊತೆಗೇ ಒಳಗೆ ಹೋಗಿ ಉರಿಯುತ್ತೆ. ಹಾಗಾಗಿ ಪ್ಲಗ್ ಯಾವಾಗಲೂ ಫೋರ್ ಸ್ಟ್ರೋಕ್‌ಗಿಂತ ಕಡು ಬಣ್ಣ, ಸ್ವಲ್ಪ ಜಿಡ್ಡು. ಆ ಬಣ್ಣದಲ್ಲಿ ಎಷ್ಟು ಆಯಿಲ್, ಎಷ್ಟು ಪೆಟ್ರೋಲ್ ಅಂತ ಬೇರೆ ಮಾಡೋದು ಕಷ್ಟ.

ಟೂ ಸ್ಟ್ರೋಕ್‌ನಲ್ಲಿ ನಂಬಬೇಕಾದ್ದು ಪಿಸ್ಟನ್ ತಲೆ. ಹೆಡ್ ಬಿಚ್ಚಿದಾಗ, ಇಲ್ಲ ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ನೋಡಿದರೂ ಸ್ವಲ್ಪ ಕಾಣುತ್ತೆ. ಟ್ರಾನ್ಸ್‌ಫರ್ ಪೋರ್ಟಿನ (ಸಿಲಿಂಡರಿಗೆ ಮಿಕ್ಸ್ಚರ್ ಬರೋ ಕಿಂಡಿ) ಎದುರು ಹೊಸ ಮಿಕ್ಸ್ಚರ್ ಬಂದು ಬಡಿಯೋ ಜಾಗದಲ್ಲಿ ಇದ್ದಿಲು ತೊಳೆದುಹೋಗಿ ಲೋಹ ಕಾಣುತ್ತೆ. ಆ ತೊಳೆದ ಜಾಗ ದೊಡ್ಡದಿದ್ದರೆ ರಿಚ್, ಪೂರ್ತಿ ಇಲ್ಲವೇ ಇಲ್ಲ ಅಂದರೆ ಲೀನ್. ಅದು ಒಂದು ದಿನದ್ದಲ್ಲ, ತುಂಬಾ ದಿನ ಹೇಗೆ ಓಡಿದೆ ಅಂತ ತೋರಿಸುತ್ತೆ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸೋ ಟೂ ಸ್ಟ್ರೋಕ್‌ನಲ್ಲಿ ಲೀನ್ ಅಂದರೆ ಆಯಿಲ್ ಕೂಡ ಕಡಿಮೆ ಆಗೋ ಸಾಧ್ಯತೆ, ಅಂದರೆ ನೇರ ಸೀಜ್ (ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದು ನಿಲ್ಲೋದು). ಶಕ್ತಿನಗರದ ಕಡೆ ಮಧ್ಯಾಹ್ನ ಫುಲ್ ಎಳೆಯುವಾಗ ಇದ್ದಕ್ಕಿದ್ದಂತೆ ಶಬ್ದ ತೆಳುವಾಗಿ ಗಾಡಿ ಚುರುಕಾದಂತೆ ಅನಿಸಿದರೆ ಖುಷಿ ಪಡಬೇಡಿ. ತಕ್ಷಣ ಕ್ಲಚ್ ಹಿಡಿಯಿರಿ.


ಕೊಪ್ಪಳ ಕೋಟೆ:

ಸರ್, ನನ್ನದು 2021ರ ಬೈಕ್, ಫ್ಯೂಯಲ್ ಇಂಜೆಕ್ಷನ್, ಕಾರ್ಬೊರೇಟರ್ ಇಲ್ಲ. ಅದಕ್ಕೂ ಹೀಗೆ ಪ್ಲಗ್ ನೋಡಿ ಮಿಕ್ಸ್ಚರ್ ಹೇಳಬಹುದಾ?


ಕೌಲ್ ಬಜಾರ್ ಟ್ಯೂನಿಂಗ್:

ಬೇಡ. 2020ರ ಏಪ್ರಿಲ್‌ನಿಂದ ಬಿಎಸ್6 (ಹೊಗೆ ನಿಯಂತ್ರಣದ ನಿಯಮ) ಬಂದ ಮೇಲಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ ನಡೆಸೋ ಪುಟ್ಟ ಕಂಪ್ಯೂಟರ್) ತಾನೇ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತೆ. ನೀವು ತಿರುಗಿಸೋ ಸ್ಕ್ರೂ ಏನೂ ಇಲ್ಲ. ಪ್ಲಗ್ ಕಪ್ಪಾದರೆ ಮೊದಲು ಮೀಟರಿನಲ್ಲಿ ಎಂಜಿನ್ ಲೈಟ್ ಉರಿಯುತ್ತಿದೆಯಾ, ಫಿಲ್ಟರ್ ಹೇಗಿದೆ ನೋಡಿ. ಆಮೇಲೆ ಸ್ಕ್ಯಾನರ್ ಹಾಕಿಸಿ. ಆದರೆ ಪ್ಲಗ್ಗಿನಲ್ಲಿ ಎಣ್ಣೆ ಜಿಡ್ಡು, ಗುಳ್ಳೆ, ಬಿರುಕು, ಚುಕ್ಕಿ ನೋಡೋದು ಎಲ್ಲ ಗಾಡಿಗೂ ಉಪಯೋಗ.


ಗಂಗಾವತಿ ಸವಾರ:

ಅಣ್ಣಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಕ್ರಮದಲ್ಲೇ ಮಾಡಿದೆ.

ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ತೌಡು ಮೆತ್ತಿಕೊಂಡು ಗಟ್ಟಿ ಪದರ ಆಗಿತ್ತು, ಉಗುರಿನಲ್ಲಿ ಕೆರೆದರೆ ಹಪ್ಪಳ ಎದ್ದ ಹಾಗೆ ಏಳ್ತಿತ್ತು. ಫಿಲ್ಟರ್ ಹೊಸದು ಹಾಕಿದೆ. ಚೋಕ್ ನೀವು ಹೇಳಿದ ಹಾಗೇ ಇತ್ತು, ಲಿವರ್ ವಾಪಸ್ ಬಂದರೂ ತಗಡು ಸ್ವಲ್ಪ ಮುಚ್ಚಿಕೊಂಡೇ ನಿಲ್ಲುತ್ತಿತ್ತು. ಕೀಲಲ್ಲಿ ಅದೇ ತೌಡು, ಮೇಲೆ ಪೆಟ್ರೋಲಿನ ಅಂಟು. ಕ್ಲೀನ್ ಮಾಡಿದ ಮೇಲೆ ಸಲೀಸಾಗಿ ತೆರೆದುಕೊಳ್ಳುತ್ತೆ. ಫ್ಲೋಟ್ ಸೂಜಿ ತುದಿ ಚೆನ್ನಾಗಿದೆ, ಗೆರೆ ಇಲ್ಲ.

ಆಮೇಲೆ ಎಡದಂಡೆ ಕಾಲುವೆ ಪಕ್ಕದ ರೋಡಿನಲ್ಲಿ ಬೆಳಗ್ಗೆ ಹೊಸ ಪ್ಲಗ್ ಹಾಕಿ ಫುಲ್ ಎಳೆದು ಕಡಿದೆ. ಪಿಂಗಾಣಿ ತುದಿ ದಂತದ ಬಿಳಿ, ನುಣುಪಾಗೇ ಇದೆ. ಪಟ್ಟಿಯ ಗೆರೆ ಬಾಗಿಗಿಂತ ಸ್ವಲ್ಪ ತುದಿ ಕಡೆ ಇದೆ. ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಬೂದು ಬಣ್ಣದ ತೆಳು ಉಂಗುರ, ಒಂದು ಕಡೆ ಸ್ವಲ್ಪ ದಪ್ಪ, ಎದುರು ಕಡೆ ತೆಳು. ಚುಕ್ಕಿ ಯಾವುದೂ ಇಲ್ಲ. ಇದು ಸರಿನಾ?

ಮೈಲೇಜ್ ಹೇಳೋಕೆ ಇನ್ನೂ ಟೈಮ್ ಬೇಕು, ಆದರೆ ಪಿಕಪ್ ಬಂದಿದೆ, ಮಿಸ್ಸಿಂಗ್ ಇಲ್ಲ. ಉಳಿದಿರೋದು ಒಂದೇ, ಐಡಲ್‌ನಲ್ಲಿ ಇನ್ನೂ ಸ್ವಲ್ಪ ವಾಸನೆ ಬರುತ್ತೆ. ಊರೊಳಗೆ ಓಡಿಸಿ ನೋಡಿದರೆ ಪ್ಲಗ್ಗಿನ ಮೈಯ ಅಂಚಿನಲ್ಲಿ ತೆಳ್ಳಗೆ ಮಸಿ ಕೂಡುತ್ತೆ. ಸ್ಕ್ರೂ ತಿರುಗಿಸಲಾ? ಒಬ್ಬರು ಒಳಗೆ ತಿರುಗಿಸಿದರೆ ಲೀನ್ ಅಂತಾರೆ, ಇನ್ನೊಬ್ಬರು ರಿಚ್ ಅಂತಾರೆ.


ಸಂಡೂರು ಗ್ಯಾರೇಜ್:

ಚೆನ್ನಾಗಿ ಮಾಡಿದ್ದೀಯ ತಮ್ಮಾ, ನೋಡಿದ್ದನ್ನು ಹಾಗೇ ಬರೆದಿದ್ದೀಯ. ಮೇನ್ ಜೆಟ್ ಸರಿಯಾಗಿದೆ, ಪ್ಲಗ್ ನಂಬರೂ ಸರಿ. ಉಂಗುರ ಒಂದು ಕಡೆ ದಪ್ಪ ಇರೋದಕ್ಕೆ ಹೆದರಬೇಡ, ಹೊಸ ಮಿಕ್ಸ್ಚರ್ ವಾಲ್ವ್ ಕಡೆಯಿಂದ ನುಗ್ಗುತ್ತೆ, ಪ್ಲಗ್ಗಿನ ಎಲ್ಲ ಮಗ್ಗುಲಿಗೂ ಒಂದೇ ಸಮ ತಾಗೋದಿಲ್ಲ.

ಸ್ಕ್ರೂ ಬಗ್ಗೆ ಇಬ್ಬರೂ ಹೇಳಿದ್ದು ನಿಜವೇ, ಅದು ಯಾವ ಕಡೆ ಇದೆ ಅನ್ನೋದರ ಮೇಲಿದೆ. ಸ್ಲೈಡಿಗಿಂತ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಒಳಗೆ ಹೋದಷ್ಟೂ ಗಾಳಿ ಕಡಿಮೆ, ರಿಚ್. ಎಂಜಿನ್ ಕಡೆ ಇದ್ದರೆ ಪೆಟ್ರೋಲಿನ ಸ್ಕ್ರೂ, ಒಳಗೆ ಹೋದಷ್ಟೂ ಲೀನ್. ನಿನ್ನದು ಯಾವುದು ಅಂತ ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೋ.

ಈಗ ಎಷ್ಟು ಸುತ್ತು ಹೊರಗಿದೆ ಅಂತ ಮೊದಲು ಎಣಿಸಿ ಬರೆದಿಡು. ಒಳಗೆ ಕೂರಿಸುವಾಗ ಬಿಗಿ ಮಾಡಬೇಡ, ಸುಮ್ನೆ ತಾಗಿದರೆ ಸಾಕು, ಮೊನೆ ಕೆಟ್ಟರೆ ಕಾರ್ಬೊರೇಟರ್ ಹೋಯಿತು. ಮತ್ತೆ ಅಷ್ಟೇ ಸುತ್ತು ಹೊರಗೆ ತಂದು, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್ ಸ್ವಲ್ಪ ಏರಿಸಿಕೊಂಡು ಲೀನ್ ಕಡೆಗೆ ಕಾಲು ಕಾಲು ಸುತ್ತು ತಿರುಗಿಸು. ಪ್ರತಿ ಸಲ ಸ್ವಲ್ಪ ಹೊತ್ತು ಬಿಟ್ಟು ಶಬ್ದ ಕೇಳು. ಎಲ್ಲಿ ಎಂಜಿನ್ ಅತಿ ಜೋರಾಗಿ, ಒಂದೇ ಸಮ ತಿರುಗುತ್ತೋ ಅಲ್ಲಿಗೆ ನಿಲ್ಲಿಸು. ಆಮೇಲೆ ಐಡಲ್ ಸ್ಕ್ರೂನಿಂದ ಸ್ಪೀಡ್ ಇಳಿಸು. ಎಕ್ಸಲೇಟರ್ ಚಕ್ಕನೆ ಕೊಟ್ಟಾಗ ಒಂದು ಕ್ಷಣ ಉಸಿರು ಕಟ್ಟಿದಂತೆ ಆದರೆ ಜಾಸ್ತಿ ಲೀನ್ ಆಗಿದೆ, ಸ್ವಲ್ಪ ವಾಪಸ್ ತಾ.

ಸ್ಕ್ರೂ ತಿರುಗಿಸಿದರೂ ಎಂಜಿನ್ನಿಗೆ ಏನೂ ವ್ಯತ್ಯಾಸವೇ ಇಲ್ಲ ಅಂದರೆ ಪೈಲಟ್ ದಾರಿ ಕಟ್ಟಿದೆ, ಅಥವಾ ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ರಬ್ಬರ್ ಸುತ್ತ ಸೋಪಿನ ನೀರು ಹಚ್ಚಿ ಐಡಲ್ ಬದಲಾಗುತ್ತಾ ನೋಡು.

ಸ್ಲೈಡಿನ ಸೂಜಿಯ ಕ್ಲಿಪ್ ಮುಟ್ಟಬೇಡ, ಎಕ್ಸಲೇಟರಿನ ಮಧ್ಯ ಭಾಗದಲ್ಲಿ ನಿನಗೆ ತೊಂದರೆ ಇಲ್ಲ. ಕೊಯ್ಲು ಮುಗಿಯೋ ತನಕ ಫಿಲ್ಟರ್ ಡಬ್ಬಿಯ ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿಕೊಂಡು, ವಾರಕ್ಕೊಮ್ಮೆ ಬಿಚ್ಚಿ ಒಳಗಿನಿಂದ ಹೊರಕ್ಕೆ ಗಾಳಿ ಊದಿಸು. ಹೊರಗಿನಿಂದ ಊದಿದರೆ ತೌಡು ಇನ್ನೂ ಒಳಗೆ ಹೋಗುತ್ತೆ.


ಗಂಗಾವತಿ ಸವಾರ:

ಅಣ್ಣಾ, ನೋಡಿದೆ, ನನ್ನದು ಫಿಲ್ಟರ್ ಕಡೆ ಇರೋ ಗಾಳಿಯ ಸ್ಕ್ರೂ. ಯಾರೋ ಅದನ್ನು ಬಹುತೇಕ ಪೂರ್ತಿ ಒಳಗೆ ಕೂರಿಸಿಬಿಟ್ಟಿದ್ದರು. ಕಾಲು ಕಾಲು ಸುತ್ತು ಹೊರಗೆ ತರುತ್ತಾ ಹೋದ ಹಾಗೆ ಐಡಲ್ ಏರುತ್ತಾ ಬಂತು, ಒಂದೂವರೆ ಸುತ್ತಿನ ಹತ್ತಿರ ಒಂದೇ ಸಮ ಆಯಿತು. ಅಲ್ಲೇ ಬಿಟ್ಟಿದ್ದೇನೆ. ವಾಸನೆ ಹೋಗಿದೆ, ರಬ್ಬರಿನಲ್ಲೂ ಸೋರಿಕೆ ಇಲ್ಲ. ಮೈಲೇಜ್ ಲೆಕ್ಕ ಸಿಕ್ಕ ಮೇಲೆ ಇಲ್ಲೇ ಹಾಕುತ್ತೇನೆ.